ಅಣುಬಾಂಬ್ ಪರೀಕ್ಷೆಗೆ ನಿಲ್ಲಿಸಿದ ಸೈನಿಕರಿಗೆ ಸರ್ಕಾರಗಳು ಏನು ಕೊಟ್ಟವು? ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಹಿರೋಷಿಮಾ ಜನರ ವಿಷಯನಾ?

ಅಲ್ಲ. ಇದು ಯುದ್ಧ ಮುಗಿದ ಮೇಲಿನ ಕಥೆ. 1945ರ ನಂತರ ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್, ಆಮೇಲೆ ಫ್ರಾನ್ಸ್ ಬಯಲಲ್ಲೇ ಅಣುಬಾಂಬ್ ಸಿಡಿಸಿ ನೋಡುತ್ತಿದ್ದವು. 1963ರಲ್ಲಿ ಮೊದಲ ಮೂರು ದೇಶಗಳು ಒಪ್ಪಂದ ಮಾಡಿಕೊಂಡು ನೆಲದಡಿಗೆ ಇಳಿದವು. ಅಷ್ಟರೊಳಗೆ ಲಕ್ಷಾಂತರ ಸೈನಿಕರು, ನಾವಿಕರು, ಕೂಲಿ ಕೆಲಸದವರು ಆ ಮೋಡದ ಕೆಳಗೆ ಓಡಾಡಿ ಬಂದಿದ್ದರು. ಸ್ವಂತ ದೇಶದ ಬಾಂಬ್, ಸ್ವಂತ ದೇಶದ ಹುಡುಗರು.

ಇಲ್ಲಿ ಜಾಸ್ತಿ ಹೇಳುವುದು ಬ್ರಿಟನ್ ಮಾಡಿದ ಪರೀಕ್ಷೆಗಳ ಬಗ್ಗೆ. ಕಾರಣ ಇದೆ. ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಫಿಜಿ ಇಷ್ಟೂ ದೇಶದವರು ಅವುಗಳಲ್ಲಿ ಇದ್ದರು, ಆದರೆ ಊರಿಗೆ ವಾಪಸ್ ಹೋದ ಮೇಲೆ ಅವರವರ ಸರ್ಕಾರ ನೋಡಿಕೊಂಡ ರೀತಿ ಒಂದೊಂದು ಥರ. ಕಾಯಿಲೆ ಬಾಂಬಿಂದಲೇ ಬಂತು ಅಂತ ಸಾಬೀತು ಮಾಡುವ ಹೊರೆ ಯಾರ ತಲೆ ಮೇಲೆ ಅನ್ನುವ ಒಂದೇ ವಿಷಯದಲ್ಲಿ ಈ ವ್ಯತ್ಯಾಸ ಎಲ್ಲ ಅಡಗಿದೆ.

ಬ್ರಿಟನ್ ಬಾಂಬ್ ಆಸ್ಟ್ರೇಲಿಯಾದಲ್ಲಿ ಯಾಕೆ?

ಬ್ರಿಟನ್‌ನಲ್ಲಿ ಜಾಗ ಇರಲಿಲ್ಲ, ಆಸ್ಟ್ರೇಲಿಯಾದ ಪ್ರಧಾನಿ ರಾಬರ್ಟ್ ಮೆಂಜೀಸ್ ಬೇಡ ಅನ್ನಲಿಲ್ಲ. 1952ರ ಅಕ್ಟೋಬರ್ 3ರಂದು ಪಶ್ಚಿಮ ಆಸ್ಟ್ರೇಲಿಯಾದ ಮಾಂಟೆ ಬೆಲ್ಲೊ ದ್ವೀಪಗಳ ಹತ್ತಿರ ಎಚ್‌ಎಂಎಸ್ ಪ್ಲಿಮ್ ಅನ್ನುವ ಹಡಗಿನೊಳಗೆ ಬಾಂಬ್ ಇಟ್ಟು ಸಿಡಿಸಿದರು. ಅದೇ ಮೊದಲನೆಯದು. ಆಮೇಲೆ ದಕ್ಷಿಣ ಆಸ್ಟ್ರೇಲಿಯಾದ ಮರುಭೂಮಿಯ ಇಮೂ ಫೀಲ್ಡ್, ಅದಾದ ಮೇಲೆ ಮಾರಲಿಂಗ. ಒಟ್ಟು 12 ದೊಡ್ಡ ಸ್ಫೋಟ ಆಸ್ಟ್ರೇಲಿಯಾದಲ್ಲೇ ಆದವು. ಹೈಡ್ರೋಜನ್ ಬಾಂಬ್‌ಗೆ ಅಲ್ಲಿ ಅನುಮತಿ ಇರಲಿಲ್ಲ, ಹಾಗಾಗಿ 1957-58ರಲ್ಲಿ ಪೆಸಿಫಿಕ್ ಸಾಗರದ ಮಾಲ್ಡನ್ ಮತ್ತು ಕ್ರಿಸ್ಮಸ್ ದ್ವೀಪಗಳಲ್ಲಿ ಇನ್ನೂ 9. ಅದರಲ್ಲಿ 1958ರ ಏಪ್ರಿಲ್ 28ರದು ಸುಮಾರು 3 ಮೆಗಾಟನ್, ಅಂದರೆ ಹಿರೋಷಿಮಾ ಬಾಂಬಿನ ಸುಮಾರು 200 ಪಟ್ಟು.

ದೊಡ್ಡ ಸ್ಫೋಟಗಳಿಗಷ್ಟೇ ಕಥೆ ಮುಗಿಯಲಿಲ್ಲ. 1963ರ ತನಕ ಮಾರಲಿಂಗದಲ್ಲಿ "ಸಣ್ಣ ಪ್ರಯೋಗ" ಅಂತ ಹೆಸರಿಟ್ಟು ಪ್ಲುಟೋನಿಯಂ ಅನ್ನು ಮಾಮೂಲಿ ಸಿಡಿಮದ್ದಿನಲ್ಲಿ ಹಾರಿಸಿ ನೆಲದ ಮೇಲೆ ಚೆಲ್ಲಾಡಿದರು. ಹೆಸರಿಗೆ ಸಣ್ಣದು ಅಷ್ಟೇ. ಆ ಜಾಗಕ್ಕೆ ಇವತ್ತಿಗೂ ದೊಡ್ಡ ತಲೆನೋವು ಅಂದರೆ ಅದೇ.

ಸೈನಿಕರಿಗೆ ಅಲ್ಲೇನು ಕೆಲಸ? ದೂರ ಕಳಿಸಬಹುದಿತ್ತಲ್ವಾ?

ಕೆಲಸ ಬೇಕಾದಷ್ಟಿತ್ತು. ರಸ್ತೆ, ವಿಮಾನದ ಹಾದಿ, ಗೋಪುರ ಕಟ್ಟಬೇಕು, ಅಡುಗೆ ಮಾಡಬೇಕು, ಲಾರಿ ಓಡಿಸಬೇಕು. ಸ್ಫೋಟವಾದ ಮೇಲೆ ಮೋಡದೊಳಗೇ ವಿಮಾನ ನುಗ್ಗಿಸಿ ಅದರ ದೂಳನ್ನು ಹಿಡಿದು ತರಬೇಕು, ಆ ವಿಮಾನವನ್ನು ಇನ್ನೊಬ್ಬ ತೊಳೆಯಬೇಕು. 1956ರಲ್ಲಿ ಎಚ್‌ಎಂಎಸ್ ಡಯಾನಾ ಅನ್ನುವ ಯುದ್ಧನೌಕೆಯನ್ನು ವಿಕಿರಣ ದೂಳು ಉದುರುವ ಜಾಗದಲ್ಲೇ ಬೇಕಂತಲೇ ಸಾಗಿಸಿದರು, ಹಡಗು ಹೇಗೆ ತಡೆದುಕೊಳ್ಳುತ್ತೆ ನೋಡೋಣ ಅಂತ. ಹಡಗಿನೊಳಗೆ ಜನ ಇದ್ದರು.

ಇನ್ನು ಕೆಲವರಿಗೆ ಕೆಲಸವೇ ನೋಡುವುದು. ಬೆನ್ನು ಹಾಕಿ ಕೂರಿಸಿ, ಕಣ್ಣು ಮುಚ್ಚಿಕೊಂಡು ಅದರ ಮೇಲೆ ಕೈ ಒತ್ತಿಕೊಳ್ಳಿ ಅನ್ನುತ್ತಿದ್ದರು, ಸ್ವಲ್ಪ ಹೊತ್ತಾದ ಮೇಲೆ ಎದ್ದು ತಿರುಗಿ ನೋಡಿ ಅನ್ನುತ್ತಿದ್ದರು. ಮುಚ್ಚಿದ ಕಣ್ಣಿಗೆ ತಮ್ಮ ಕೈಯ ಎಲುಬು ಕಂಡಿತು ಅಂತ ಹೇಳಿದವರು ಒಬ್ಬಿಬ್ಬರಲ್ಲ. ಬೇರೆ ಬೇರೆ ದೇಶದ, ಒಬ್ಬರಿಗೊಬ್ಬರು ಗೊತ್ತಿಲ್ಲದ ಮುದುಕರು ಇದೇ ಮಾತು ಹೇಳುತ್ತಾರೆ. ಹಾಕಿದ್ದು ಚಡ್ಡಿ, ಅಂಗಿ. ವಿಕಿರಣ ಅಳೆಯುವ ಫಿಲ್ಮ್ ಬ್ಯಾಡ್ಜ್ ಎಲ್ಲರಿಗೂ ಕೊಟ್ಟಿರಲಿಲ್ಲ, ಕೊಟ್ಟಿದ್ದು ಕೆಲವರಿಗೆ ಮಾತ್ರ. ಈ ಬ್ಯಾಡ್ಜ್ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಎಷ್ಟು ಜನ ಇದ್ದರು?

ಬ್ರಿಟನ್ ಕಡೆಯಿಂದ 20,000ಕ್ಕೂ ಜಾಸ್ತಿ. ನ್ಯೂಜಿಲೆಂಡ್‌ನ ಪುಕಾಕಿ, ರೊಟೊಯಿಟಿ ಅನ್ನುವ ಎರಡು ಹಡಗುಗಳಲ್ಲಿ ಸುಮಾರು 550 ನಾವಿಕರು, ಫಿಜಿಯಿಂದ ಸುಮಾರು 300. ಆಸ್ಟ್ರೇಲಿಯಾದಲ್ಲಿ ಸೈನಿಕರು, ನಾಗರಿಕರು ಸೇರಿ ಸಾವಿರಗಟ್ಟಲೆ. ಅಮೆರಿಕದ ಲೆಕ್ಕವೇ ಬೇರೆ, ಲಕ್ಷಗಳಲ್ಲಿದೆ. 1946ರಲ್ಲಿ ಬಿಕಿನಿ ದ್ವೀಪದ ಒಂದು ಕಾರ್ಯಾಚರಣೆಗೇ 42,000 ಜನ ಹೋಗಿದ್ದರು.

ಆಸ್ಟ್ರೇಲಿಯಾ ತನ್ನವರಿಗೆ ಏನು ಕೊಟ್ಟಿತು?

ತಡವಾಗಿ ಕೊಟ್ಟಿತು, ಆದರೆ ಈ ಪಟ್ಟಿಯಲ್ಲಿ ನನಗೆ ಮೆಚ್ಚುಗೆಯಾದ ವ್ಯವಸ್ಥೆ ಇದೇ. 1984-85ರಲ್ಲಿ ನ್ಯಾಯಮೂರ್ತಿ ಜೇಮ್ಸ್ ಮೆಕ್ಲೆಲಂಡ್ ನೇತೃತ್ವದ ರಾಯಲ್ ಕಮಿಷನ್ (ಸರ್ಕಾರ ನೇಮಿಸುವ ತನಿಖಾ ಆಯೋಗ) ಕೂತು ಎಲ್ಲ ಕೆದಕಿತು. ಆಮೇಲೂ ಇಪ್ಪತ್ತು ವರ್ಷ ಬೇಕಾಯಿತು. 2006ರಲ್ಲಿ ಎರಡು ಕೆಲಸ ಆದವು. ಒಂದು, ಪರೀಕ್ಷೆಯಲ್ಲಿ ಇದ್ದವರ ಮೇಲೆ ಮಾಡಿದ ದೊಡ್ಡ ಅಧ್ಯಯನ ಹೊರಬಂತು: ಸಾಮಾನ್ಯ ಜನರಿಗಿಂತ ಇವರಲ್ಲಿ ಕ್ಯಾನ್ಸರ್ 23% ಜಾಸ್ತಿ, ಕ್ಯಾನ್ಸರ್‌ನಿಂದ ಸತ್ತವರು 18% ಜಾಸ್ತಿ. ಆದರೆ ವಿಕಿರಣವೇ ಕಾರಣ ಅಂತ ಆ ಅಧ್ಯಯನ ಹೇಳಲಿಲ್ಲ, ಅಂದಾಜು ಮಾಡಿದ ವಿಕಿರಣದ ಪ್ರಮಾಣಕ್ಕೂ ಕ್ಯಾನ್ಸರ್‌ಗೂ ಹೊಂದಾಣಿಕೆ ಸಿಗಲಿಲ್ಲ.

ಇಂಥ ವರದಿ ಕೈಗೆ ಸಿಕ್ಕರೆ ಯಾವ ಸರ್ಕಾರವಾದರೂ "ನೋಡಿ, ಸಂಬಂಧ ಇಲ್ಲವಂತೆ" ಅಂತ ಫೈಲ್ ಮುಚ್ಚಬಹುದಿತ್ತು. ಆಸ್ಟ್ರೇಲಿಯಾ ಹಾಗೆ ಮಾಡಲಿಲ್ಲ. ಅದೇ ವರ್ಷ ಒಂದು ಕಾನೂನು ತಂದು, ಪರೀಕ್ಷೆಯ ಜಾಗದಲ್ಲಿ ಇದ್ದವರಿಗೆ ಯಾವುದೇ ಕ್ಯಾನ್ಸರ್ ಬಂದರೂ ಚಿಕಿತ್ಸೆ ಸರ್ಕಾರದ್ದು, ಕಾರಣ ಕೇಳುವುದಿಲ್ಲ ಅಂದಿತು. ನೀನು ಅಲ್ಲಿದ್ದೆಯಾ? ಇದ್ದೆ. ಸರಿ. ಅಷ್ಟೇ ಪರೀಕ್ಷೆ.

2017ರ ಜುಲೈನಿಂದ ಇದು ಗೋಲ್ಡ್ ಕಾರ್ಡ್ ಆಯಿತು. ಕ್ಯಾನ್ಸರ್ ಒಂದೇ ಅಲ್ಲ, ಹೃದಯ, ಮೂಳೆ, ಹಲ್ಲು, ಕಣ್ಣು, ವೈದ್ಯರ ಪ್ರಕಾರ ಬೇಕಾದ ಚಿಕಿತ್ಸೆ ಎಲ್ಲ. ನಾಗರಿಕ ಕೆಲಸಗಾರರಿಗೂ, ಆ ಹೊತ್ತಿನಲ್ಲಿ ಪರೀಕ್ಷೆಯ ಪ್ರದೇಶದೊಳಗಿದ್ದ ಮೂಲನಿವಾಸಿಗಳಿಗೂ, ಕುರಿ-ದನ ಸಾಕುವವರಿಗೂ ಸಿಗುತ್ತದೆ. ಕೊರತೆಯೂ ಇದೆ. ಇದು ಚಿಕಿತ್ಸೆಯ ಕಾರ್ಡ್, ಪರಿಹಾರದ ಹಣ ಅಲ್ಲ. ಹೆಂಡತಿ ಮಕ್ಕಳಿಗೆ ಈ ಕಾರ್ಡ್ ಇಲ್ಲ. ಇಪ್ಪತ್ತರ ವಯಸ್ಸಲ್ಲಿ ಅಲ್ಲಿದ್ದವನಿಗೆ 2017ರ ಹೊತ್ತಿಗೆ ಎಂಬತ್ತು ದಾಟಿತ್ತು, ಬಹಳ ಜನ ಅಷ್ಟರಲ್ಲಿ ಹೋಗಿಬಿಟ್ಟಿದ್ದರು.

ಮೂಲನಿವಾಸಿಗಳು ಅಂದ್ರಲ್ಲ, ಅವರನ್ನು ಮೊದಲೇ ತೆರವು ಮಾಡಿರಲಿಲ್ವಾ?

ಮಾಡಿದ್ದೇವೆ ಅಂದುಕೊಂಡಿದ್ದರು. ಯುರೋಪಿನ ಕೆಲವು ದೇಶಗಳಷ್ಟು ದೊಡ್ಡ ಪ್ರದೇಶದಲ್ಲಿ ಅಲೆದಾಡುವ ಜನರನ್ನು ಹುಡುಕಿ ಎಚ್ಚರಿಸಲು ವಾಲ್ಟರ್ ಮೆಕ್‌ಡೂಗಲ್ ಅನ್ನುವ ಒಬ್ಬ ಗಸ್ತು ಅಧಿಕಾರಿಯನ್ನು ನೇಮಿಸಿದ್ದರು, ಆಮೇಲೆ ಇನ್ನೊಬ್ಬರು ಸೇರಿದರು. ಇಂಗ್ಲಿಷ್ ಬಾರದ ಜನರ ದಾರಿಯಲ್ಲಿ ಇಂಗ್ಲಿಷ್ ಬೋರ್ಡ್. 1957ರಲ್ಲಿ ಒಂದು ಕುಟುಂಬ ಸ್ಫೋಟದ ಗುಂಡಿಯ ಹತ್ತಿರವೇ ಬೀಡುಬಿಟ್ಟಿದ್ದು ಸೈನಿಕರಿಗೆ ಕಂಡಿತು. 1953ರ ಸ್ಫೋಟದ ನಂತರ ಕಪ್ಪು ಮಂಜು ತಮ್ಮ ಬೀಡಿನ ಮೇಲೆ ಉರುಳಿ ಬಂತು ಅಂತ ಹೇಳಿದ ಯಾಮಿ ಲೆಸ್ಟರ್ ಆಗ ಹುಡುಗ, ಆಮೇಲೆ ಪೂರ್ತಿ ಕುರುಡಾದರು. ರಾಯಲ್ ಕಮಿಷನ್ ಆಗಲು ಅವರ ಹೋರಾಟವೂ ಒಂದು ಕಾರಣ. ಮಾರಲಿಂಗದ ಮೂಲನಿವಾಸಿಗಳಿಗೆ 1994ರಲ್ಲಿ 1.35 ಕೋಟಿ ಆಸ್ಟ್ರೇಲಿಯನ್ ಡಾಲರ್ ಪರಿಹಾರ ಬಂತು. ನೆಲ ಶುಚಿ ಮಾಡಿದ ಖರ್ಚು ಅದರ ಎಷ್ಟೋ ಪಟ್ಟು, 10 ಕೋಟಿ ಡಾಲರ್ ಮೀರಿತು.

ಬ್ರಿಟನ್‌ನಲ್ಲಿ ಚಿಕಿತ್ಸೆ ಎಲ್ಲರಿಗೂ ಉಚಿತ ಅಲ್ವಾ? ಮತ್ತೆ ಜಗಳ ಯಾತಕ್ಕೆ?

ಒಳ್ಳೆ ಪ್ರಶ್ನೆ, ಸುಮಾರು ಜನ ಇಲ್ಲೇ ತಪ್ಪು ತಿಳಿಯುತ್ತಾರೆ. ಹೌದು, ಎನ್‌ಎಚ್‌ಎಸ್ ಅನ್ನುವ ಸರ್ಕಾರಿ ಆರೋಗ್ಯ ಸೇವೆ ಇದೆ, ಕ್ಯಾನ್ಸರ್‌ಗೆ ಆಸ್ಪತ್ರೆ ಬಿಲ್ ಬರಲ್ಲ. ಬ್ರಿಟನ್‌ನ ಮಾಜಿ ಸೈನಿಕರು ಕೇಳುತ್ತಿರುವುದು ಪಿಂಚಣಿ, ಪರಿಹಾರ, ತಮ್ಮದೇ ವೈದ್ಯಕೀಯ ದಾಖಲೆ, ಮತ್ತು "ಹೌದು, ನಮ್ಮಿಂದ ಆಯಿತು" ಅನ್ನುವ ಒಂದು ಮಾತು.

ಪಿಂಚಣಿಯ ನಿಯಮ ನೋಡಿ. ಸೇವೆ ಮುಗಿದ ಏಳು ವರ್ಷದೊಳಗೆ ಅರ್ಜಿ ಹಾಕಿದರೆ ಕಾಯಿಲೆ ಸೇವೆಯಿಂದ ಬಂದಿಲ್ಲ ಅಂತ ಸರ್ಕಾರವೇ ತೋರಿಸಬೇಕು. ಏಳು ವರ್ಷ ದಾಟಿದರೆ ನಂಬುವಂಥ ಸಾಕ್ಷ್ಯ ಅರ್ಜಿದಾರನೇ ತರಬೇಕು. ಕೈಕಾಲು ಮುರಿದವನಿಗೆ ಇದು ನ್ಯಾಯವಾದ ನಿಯಮ ಇರಬಹುದು. ವಿಕಿರಣದ ಕ್ಯಾನ್ಸರ್ ಇಪ್ಪತ್ತು, ಮೂವತ್ತು ವರ್ಷ ಬಿಟ್ಟು ಬರುವಂಥದ್ದು! ಅಂದರೆ ಈ ಜನ ಹೆಚ್ಚುಕಡಿಮೆ ಎಲ್ಲರೂ ಎರಡನೇ ಸಾಲಿಗೇ ಬಂದು ನಿಲ್ಲುತ್ತಾರೆ. ಸಾಕ್ಷ್ಯ ತಾ ಅಂದರೆ ಎಲ್ಲಿಂದ? ಬಹಳ ಜನಕ್ಕೆ ಬ್ಯಾಡ್ಜ್ ಕೊಟ್ಟಿರಲಿಲ್ಲ. ಮೈಯೊಳಗೆ ಹೋದ ದೂಳನ್ನು ಬ್ಯಾಡ್ಜ್ ಅಳೆಯುವುದೂ ಇಲ್ಲ.

ದ್ವೀಪದಲ್ಲಿ ನಮ್ಮ ರಕ್ತ ತೆಗೆದಿದ್ದರು, ಆದರೆ ನಮ್ಮ ಫೈಲಿನಲ್ಲಿ ಆ ಹಾಳೆಗಳೇ ಇಲ್ಲ ಅಂತ ಎಷ್ಟೋ ಜನ ಹೇಳುತ್ತಲೇ ಬಂದರು. ಈಚಿನ ವರ್ಷಗಳಲ್ಲಿ ಮಾಹಿತಿ ಹಕ್ಕಿನ ಅರ್ಜಿಗಳಿಂದ, ರಕ್ತ ಮತ್ತು ಮೂತ್ರ ಪರೀಕ್ಷೆಗೆ ಸಂಬಂಧಪಟ್ಟ ಕಾಗದಪತ್ರ ಆಲ್ಡರ್‌ಮಾಸ್ಟನ್‌ನ ಅಣ್ವಸ್ತ್ರ ಸಂಸ್ಥೆಯ ಸಂಗ್ರಹದಲ್ಲಿ ಇದ್ದದ್ದು ಹೊರಬಂತು. ಸಾಕ್ಷ್ಯ ಕೇಳುವವರ ಕೈಯಲ್ಲೇ ಕಾಗದವೂ ಇತ್ತು ಅಂದರೆ ಸಿಟ್ಟು ಬರದೇ ಇರುತ್ತಾ?

ಕೋರ್ಟಿಗೆ ಹೋಗಲಿಲ್ವಾ?

ಹೋದರು, ಸೋತರು. 1947ರ ಒಂದು ಕಾನೂನಿನ ಪ್ರಕಾರ ಸೈನಿಕ ಸೇವೆಯಲ್ಲಿ ಆದ ಹಾನಿಗೆ ಸರ್ಕಾರದ ಮೇಲೆ ದಾವೆ ಹೂಡುವಂತೆಯೇ ಇರಲಿಲ್ಲ. 1987ರಲ್ಲಿ ಅದನ್ನು ತೆಗೆದರು, ಆದರೆ ಹಿಂದಿನದಕ್ಕೆ ಅನ್ವಯಿಸದ ಹಾಗೆ. 1998ರಲ್ಲಿ ಕೆನ್ ಮೆಕ್‌ಗಿನ್ಲಿ ಮತ್ತು ಇನ್ನೊಬ್ಬರ ಕೇಸು ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕು ನ್ಯಾಯಾಲಯದ ತನಕ ಹೋಗಿ ಬಿದ್ದುಹೋಯಿತು. 1983ರಲ್ಲಿ ಈ ಮಾಜಿ ಸೈನಿಕರ ಸಂಘ ಕಟ್ಟಿದವರು ಇದೇ ಮೆಕ್‌ಗಿನ್ಲಿ.

ದೊಡ್ಡ ಕೇಸು ಆಮೇಲಿನದು, ಸಾವಿರಕ್ಕೂ ಹೆಚ್ಚು ಅರ್ಜಿದಾರರು. 2009ರಲ್ಲಿ ಹೈಕೋರ್ಟ್ ವಿಚಾರಣೆ ಮಾಡಬಹುದು ಅಂದಿತು, ಮೇಲ್ಮನವಿಯಲ್ಲಿ ಅದು ತಲೆಕೆಳಗಾಯಿತು, 2012ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ನಾಲ್ಕಕ್ಕೆ ಮೂರು ಮತದಿಂದ ಬಾಗಿಲು ಮುಚ್ಚಿತು. ಕಾರಣ ಕಾಲಮಿತಿ. ಹಾನಿ ಗೊತ್ತಾದ ಮೂರು ವರ್ಷದೊಳಗೆ ದಾವೆ ಹೂಡಬೇಕು. ಅರ್ಜಿದಾರರ ವಾದ, ನ್ಯೂಜಿಲೆಂಡ್‌ನ ನಾವಿಕರ ರಕ್ತ ಪರೀಕ್ಷೆಯ ಫಲಿತಾಂಶ (ಅದರ ವಿವರ ಮುಂದೆ ಬರುತ್ತೆ) ಬಂದ ಮೇಲಷ್ಟೇ ನಮಗೆ ಗೊತ್ತಾಯಿತು ಅಂತ. ಹೆಚ್ಚಿನ ನ್ಯಾಯಮೂರ್ತಿಗಳು ಹೇಳಿದ್ದು, ವಿಕಿರಣವೇ ಕಾರಣ ಅಂತ ನೀವು ಎಷ್ಟೋ ವರ್ಷದಿಂದ ನಂಬಿಕೊಂಡೇ ಬಂದಿದ್ದೀರಿ, ಕಾಲಮಿತಿಗೆ ಆ ನಂಬಿಕೆ ಸಾಕು. ಅದರ ಜೊತೆಗೇ, ಕಾರಣ ತೋರಿಸುವ ಸಾಕ್ಷ್ಯ ಸಾಲದು, ವಿಚಾರಣೆ ನಡೆದರೂ ಗೆಲ್ಲುವುದು ಕಷ್ಟ ಅಂತಲೂ ಹೇಳಿದರು. ಕಾನೂನು ಓದಿದವರಿಗೆ ಇದರಲ್ಲಿ ತರ್ಕ ಕಾಣುತ್ತೆ. ಆದರೆ ನಂಬಿದ್ದಕ್ಕೆ ತಡವಾಯಿತು, ಸಾಬೀತಾಗದ್ದಕ್ಕೆ ಸೋಲಾಯಿತು ಅಂದರೆ ಆ ಮನುಷ್ಯ ಯಾವ ವರ್ಷ ಕೋರ್ಟಿಗೆ ಬರಬೇಕಿತ್ತು?

ಪದಕ ಕೊಟ್ಟರಂತಲ್ಲ?

ಕೊಟ್ಟರು, 70 ವರ್ಷ ಆದ ಮೇಲೆ. 2022ರ ನವೆಂಬರ್ 21ರಂದು ಪ್ರಧಾನಿ ರಿಷಿ ಸುನಕ್ ನ್ಯೂಕ್ಲಿಯರ್ ಟೆಸ್ಟ್ ಮೆಡಲ್ ಘೋಷಿಸಿದರು. ಅದಕ್ಕೆ ಮುಂಚೆ ಪದಕ ಸಮಿತಿ ಇದೇ ಬೇಡಿಕೆಯನ್ನು ತಳ್ಳಿಹಾಕಿತ್ತು, ಪದಕಕ್ಕೆ ಬೇಕಾದಷ್ಟು ಅಪಾಯ ಇರಲಿಲ್ಲ ಅನ್ನುವ ಧಾಟಿಯಲ್ಲಿ. ಸೈನಿಕರ ಜೊತೆ ನಾಗರಿಕ ನೌಕರರಿಗೂ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಫಿಜಿ, ಕಿರಿಬಾಟಿಯವರಿಗೂ (ಕ್ರಿಸ್ಮಸ್ ದ್ವೀಪ ಈಗ ಇರುವ ದೇಶ) ಸಿಗುತ್ತದೆ. ಆಮೇಲೆ ಶುಚಿ ಮಾಡಲು ಹೋದವರೂ ಸೇರುತ್ತಾರೆ. ತೀರಿಕೊಂಡವರ ಪರವಾಗಿ ಮನೆಯವರು ಅರ್ಜಿ ಹಾಕಬಹುದು.

ಪದಕದ ಜೊತೆ ಪಿಂಚಣಿ ಬರಲಿಲ್ಲ, ಪರಿಹಾರವೂ ಇಲ್ಲ. ಕೆಲವರಿಗೆ ಅದು ದೊಡ್ಡ ಸಮಾಧಾನ, ಕೆಲವರಿಗೆ ಬಾಯಿಗೆ ಬೆಲ್ಲ ಹಚ್ಚಿದ ಹಾಗೆ. ಎರಡೂ ಅರ್ಥವಾಗುತ್ತೆ. ಬಾಯಿ ಬಿಡಬಾರದು ಅಂತ ಸಹಿ ಹಾಕಿ ಹೆಂಡತಿಗೂ ಹೇಳದೆ ಕೂತವನಿಗೆ, ಎದೆಯ ಮೇಲೆ ಅದನ್ನು ಹಾಕಿಕೊಂಡು ರಸ್ತೆಯಲ್ಲಿ ನಡೆಯುವುದು ಸಣ್ಣ ಮಾತಲ್ಲ.

ವಿಜ್ಞಾನ ಏನು ಹೇಳುತ್ತೆ? ನಿಜವಾಗಲೂ ಬಾಂಬಿಂದಲೇ ಕ್ಯಾನ್ಸರ್ ಬಂತಾ?

ಒಬ್ಬೊಬ್ಬರ ವಿಷಯದಲ್ಲಿ ಖಚಿತವಾಗಿ ಹೇಳಲು ಆಗಲ್ಲ. ವಿಕಿರಣದ ಕ್ಯಾನ್ಸರ್ ಅಂತ ಬೇರೆ ಗುರುತು ಇರುವುದಿಲ್ಲ, ಬೀಡಿಯಿಂದ ಬಂದದ್ದೂ ವಯಸ್ಸಿನಿಂದ ಬಂದದ್ದೂ ನೋಡಲು ಹಾಗೇ ಇರುತ್ತೆ.

ಗುಂಪಿನ ಲೆಕ್ಕದಲ್ಲಿ ಬ್ರಿಟನ್ 1980ರ ದಶಕದಿಂದ ಸುಮಾರು 21,000 ಜನರನ್ನು ಗಮನಿಸುತ್ತಾ ಬಂದಿದೆ. ಪರೀಕ್ಷೆಗೆ ಹೋಗದ ಬೇರೆ ಸೈನಿಕರ ಜೊತೆ ಹೋಲಿಸಿದಾಗ ಒಟ್ಟಾರೆ ಸಾವಿನಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ರಕ್ತದ ಕ್ಯಾನ್ಸರ್ ಸ್ವಲ್ಪ ಜಾಸ್ತಿ ಇರಬಹುದು ಅನ್ನುವ ಸುಳಿವು ಮಾತ್ರ ಸಿಕ್ಕಿತು. ಇನ್ನೊಂದು ಕಡೆ ನ್ಯೂಜಿಲೆಂಡ್‌ನ ಮಾಸ್ಸಿ ವಿಶ್ವವಿದ್ಯಾಲಯದವರು 50 ನಾವಿಕರ ರಕ್ತ ನೋಡಿದಾಗ ವಿಕಿರಣದಿಂದ ಆಗುವಂಥ ಹಾನಿ, ಅಂದರೆ ಕ್ರೋಮೋಸೋಮ್ (ಜೀನ್‌ಗಳನ್ನು ಹೊತ್ತ ಎಳೆ) ತುಂಡಾಗಿ ಅದಲುಬದಲಾಗಿ ಅಂಟಿಕೊಂಡದ್ದು, ಪರೀಕ್ಷೆಗೆ ಹೋಗದವರಿಗಿಂತ ಸುಮಾರು ಮೂರು ಪಟ್ಟು ಕಂಡಿತು. ಮೊದಲನೆಯದು ದೊಡ್ಡ ಗುಂಪಿನ ಸರಾಸರಿ, ಅದರಲ್ಲಿ ಅಡುಗೆಯವನೂ ಇದ್ದಾನೆ, ಮೋಡದೊಳಗೆ ಹಾರಿದ ಪೈಲಟ್ಟೂ ಇದ್ದಾನೆ. ಎರಡನೆಯದು ಪುಟ್ಟ ಗುಂಪು. ಒಂದನ್ನು ಹಿಡಿದು ಇನ್ನೊಂದನ್ನು ಸುಳ್ಳು ಅನ್ನುವ ಹಾಗಿಲ್ಲ.

ಹಾಗಾಗಿಯೇ ಇದನ್ನು ವಿಜ್ಞಾನದ ಹೆಗಲಿಗೆ ಹಾಕಿ ಸರ್ಕಾರ ಕೈತೊಳೆಯುವುದು ನನಗೆ ಸರಿ ಕಾಣುವುದಿಲ್ಲ. ಅನುಮಾನ ಉಳಿಯುವುದಂತೂ ಖಂಡಿತ, ಅದರ ಲಾಭ ಯಾರಿಗೆ ಅನ್ನುವುದನ್ನು ಸಂಸತ್ತು ತೀರ್ಮಾನಿಸಬೇಕು.

ಮಕ್ಕಳು, ಮೊಮ್ಮಕ್ಕಳಿಗೆ ತೊಂದರೆ ಆಗಿದೆಯಾ?

ಅನೇಕ ಮನೆಗಳಲ್ಲಿ ಗರ್ಭಪಾತ, ಹುಟ್ಟುದೋಷದ ನೋವಿನ ಕಥೆಗಳಿವೆ. ಬ್ರೂನೆಲ್ ವಿಶ್ವವಿದ್ಯಾಲಯದ ಸಂಶೋಧಕರು ತಂದೆ-ತಾಯಿ-ಮಗು ಮೂವರ ಜೀನ್‌ಗಳನ್ನೂ ಪೂರ್ತಿ ಓದಿ ನೋಡಿದರು, ಮಕ್ಕಳಲ್ಲಿ ಹೊಸ ರೂಪಾಂತರ ಗಮನಾರ್ಹವಾಗಿ ಜಾಸ್ತಿ ಕಾಣಲಿಲ್ಲ. ಕೆಲವು ಕುಟುಂಬಗಳಿಗೆ ಇದು ಸಮಾಧಾನ ತಂದಿದೆ, ಕೆಲವರು ಒಪ್ಪಿಲ್ಲ.

ಅಮೆರಿಕದಲ್ಲಿ ಹೇಗೆ?

ಅಲ್ಲಿ ಪಟ್ಟಿಯ ಪದ್ಧತಿ. ನೀವು ಬಯಲು ಪರೀಕ್ಷೆಯಲ್ಲಿ ಇದ್ದಿರಿ, ನಿಮಗೆ ಪಟ್ಟಿಯಲ್ಲಿರುವ ಕ್ಯಾನ್ಸರ್ ಬಂದಿದೆ ಅಂದರೆ ಸೇವೆಯಿಂದಲೇ ಬಂತು ಅಂತ ಸರ್ಕಾರ ಒಪ್ಪಿಕೊಳ್ಳುತ್ತೆ. 1988ರ ಕಾನೂನಿನಲ್ಲಿ 13 ಇದ್ದವು, ಈಗ 21. ಪಟ್ಟಿಯ ಹೊರಗಿನದು ಬಂದರೆ, ಪ್ರಾಸ್ಟೇಟ್ ಅಥವಾ ಚರ್ಮದ ಕ್ಯಾನ್ಸರ್ ಅಂತಿಟ್ಟುಕೊಳ್ಳಿ, ರಕ್ಷಣಾ ಇಲಾಖೆಯವರು ಹಳೇ ದಾಖಲೆ ಹಿಡಿದು ನಿಮಗೆ ಎಷ್ಟು ವಿಕಿರಣ ತಗುಲಿರಬಹುದು ಅಂತ ಲೆಕ್ಕ ಹಾಕುತ್ತಾರೆ, ಮತ್ತೆ ಅದೇ ಗೋಳು. ಸಾಲದ್ದಕ್ಕೆ 1973ರ ಜುಲೈನಲ್ಲಿ ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು 1.6 ಕೋಟಿಗೂ ಹೆಚ್ಚು ಸೈನಿಕ ಫೈಲುಗಳು ಸುಟ್ಟುಹೋದವು.

ಅಲ್ಲೂ ಗುಟ್ಟಿನ ಪ್ರಮಾಣ ಇತ್ತು. 1996ರಲ್ಲಿ ಸಂಸತ್ತು ಅದನ್ನು ತೆಗೆಯುವ ತನಕ ಎಷ್ಟೋ ಜನ ಡಾಕ್ಟರ ಮುಂದೆಯೂ ನಾನು ಎಲ್ಲಿದ್ದೆ ಅಂತ ಹೇಳಿರಲಿಲ್ಲ. 1977ರಿಂದ 1980ರ ನಡುವೆ ಅಮೆರಿಕ ಹಿಂದೆ ಬಾಂಬ್ ಸಿಡಿಸಿದ್ದ ಎನಿವೆಟಾಕ್ ದ್ವೀಪಗಳಲ್ಲಿ ವಿಕಿರಣದ ಮಣ್ಣು ಬಾಚಿ ಕಾಂಕ್ರೀಟ್ ಗುಮ್ಮಟದಡಿ ಹೂತ ಸಾವಿರಾರು ಸೈನಿಕರನ್ನು, ನೀವು ಪರೀಕ್ಷೆಯಲ್ಲಿ ಇರಲಿಲ್ಲ ಅಂತ ಹೊರಗಿಟ್ಟಿದ್ದರು. 2022ರ ಪ್ಯಾಕ್ಟ್ ಕಾಯ್ದೆ ಬಂದ ಮೇಲೆ ಅವರೂ ಒಳಗೆ ಬಂದರು.

ಫಿಜಿ, ಫ್ರಾನ್ಸ್ ಕಥೆ?

ಫಿಜಿ 2015ರಲ್ಲಿ ಬ್ರಿಟನ್‌ಗೆ ಕಾದು ಪ್ರಯೋಜನ ಇಲ್ಲ ಅಂತ ತಾನೇ ದುಡ್ಡು ಕೊಟ್ಟಿತು, ಬದುಕಿದ್ದ 24 ಜನರಿಗೆ ತಲಾ 9,855 ಫಿಜಿ ಡಾಲರ್. ಬಾಂಬ್ ಸಿಡಿಸಿದ್ದು ಶ್ರೀಮಂತ ದೇಶ, ಬಿಲ್ ಕಟ್ಟಿದ್ದು ಪುಟ್ಟ ದ್ವೀಪ.

ಫ್ರಾನ್ಸ್ ಅಲ್ಜೀರಿಯಾದಲ್ಲಿ 17, ಪೆಸಿಫಿಕ್ ಸಾಗರದ ತನ್ನ ಪಾಲಿನೇಷ್ಯಾ ದ್ವೀಪಗಳಲ್ಲಿ 193 ಪರೀಕ್ಷೆ ಮಾಡಿತು. 2010ರಲ್ಲಿ ಮೊರಾಂ ಕಾನೂನು ಬಂತು, ಸೈನಿಕರಿಗೂ ಸ್ಥಳೀಯರಿಗೂ ಪರಿಹಾರ ಅಂತ. ಆದರೆ "ಅಪಾಯ ನಗಣ್ಯ" ಅನ್ನಿಸಿದರೆ ತಿರಸ್ಕರಿಸಬಹುದು ಅನ್ನುವ ಸಾಲು ಅದರಲ್ಲಿತ್ತು, ಅರ್ಜಿಗಳೆಲ್ಲ ಬಹುಪಾಲು ಅಲ್ಲೇ ಬಿದ್ದವು. 2017ರಲ್ಲಿ ಆ ಸಾಲು ಕಿತ್ತರು, ಸ್ವಲ್ಪ ದಿನಕ್ಕೇ 1 ಮಿಲಿಸೀವರ್ಟ್ (ತಗುಲಿದ ವಿಕಿರಣದ ಅಳತೆ) ಮಿತಿ ತಂದು ಇಟ್ಟರು, ಅದಕ್ಕಿಂತ ಕಡಿಮೆ ತಗುಲಿದೆ ಅಂತಾದರೆ ಪರಿಹಾರ ಇಲ್ಲ.

ಇದರಲ್ಲಿ ನಮ್ಮವರು ಯಾರಾದರೂ ಇದ್ದಾರಾ?

ಬ್ರಿಟನ್ ಪರೀಕ್ಷೆಗಳ ಹೊತ್ತಿಗೆ ಭಾರತ ಸ್ವತಂತ್ರ ಆಗಿತ್ತು. ಆದರೆ ಒಂದು ಎಳೆ ಇದೆ. ಯುದ್ಧ ಮುಗಿದ ಮೇಲೆ ಜಪಾನ್‌ನಲ್ಲಿ ಬೀಡುಬಿಟ್ಟ ಕಾಮನ್‌ವೆಲ್ತ್ ಪಡೆಯಲ್ಲಿ ಭಾರತೀಯ ತುಕಡಿಗಳಿದ್ದವು, 268ನೇ ಬ್ರಿಗೇಡಿನ ಮುಖ್ಯಸ್ಥರು ನಮ್ಮ ಕೊಡಗಿನ ಕೆ.ಎಸ್. ತಿಮ್ಮಯ್ಯ. ಆ ಪಡೆಗೆ ವಹಿಸಿದ ಪ್ರದೇಶದಲ್ಲಿ ಹಿರೋಷಿಮಾ ಕೂಡ ಇತ್ತು. 2017ರಲ್ಲಿ ಆಸ್ಟ್ರೇಲಿಯಾ ಇದೇ ಪಡೆಯಲ್ಲಿದ್ದ ತನ್ನ ಸೈನಿಕರಿಗೂ ಗೋಲ್ಡ್ ಕಾರ್ಡ್ ಕೊಟ್ಟಿತು. ಅದು ಆಸ್ಟ್ರೇಲಿಯಾದವರಿಗೆ ಮಾತ್ರ.

ಪೋಖ್ರಾನ್ ಬಗ್ಗೆಯೂ ಕೇಳುತ್ತಾರೆ. ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಮುಂದಾಳತ್ವದ 1974ರ ಪರೀಕ್ಷೆ, 1998ರವು, ಎಲ್ಲವೂ ನೆಲದಡಿ ಆದದ್ದು. ಬಯಲಲ್ಲಿ ನಿಲ್ಲಿಸಿ ಮೋಡ ತೋರಿಸಿದ ಕಥೆಗೆ ಅದನ್ನು ಸುಮ್ನೆ ಹೋಲಿಸಬೇಡಿ.

ನಮ್ಮ ಪಕ್ಕದ ಮನೆ ಅಜ್ಜ ಅಲ್ಲಿ ಇದ್ದರಂತೆ. ಅವರಿಗೆ ಏನು ಹೇಳಲಿ?

ಲಂಡನ್, ಮೆಲ್ಬರ್ನ್, ನ್ಯೂಜೆರ್ಸಿ ಕಡೆಯ ಓದುಗರು ಇದನ್ನು ಕೇಳಿದ್ದಾರೆ. ಬ್ರಿಟನ್ ಆದರೆ ಪದಕಕ್ಕೆ ರಕ್ಷಣಾ ಇಲಾಖೆಯ ಮೆಡಲ್ ಆಫೀಸಿಗೆ ಅರ್ಜಿ, ಪಿಂಚಣಿಗೆ ಬೇರೆ ಅರ್ಜಿ, ಒಂದು ಸಿಕ್ಕಿತು ಅಂತ ಇನ್ನೊಂದು ತಾನಾಗಿ ಬರಲ್ಲ. ಆಸ್ಟ್ರೇಲಿಯಾ ಆದರೆ ಮಾಜಿ ಸೈನಿಕರ ಇಲಾಖೆ, ನಾಗರಿಕರಿಗೂ ಅದೇ. ಫೈಲ್ ಸಿಗದಿದ್ದರೆ ಹಳೇ ಫೋಟೊ, ಪತ್ರ, ಸಂಬಳದ ಚೀಟಿ, ಜೊತೆಗಿದ್ದವರ ಹೇಳಿಕೆ ಎಲ್ಲ ಒಟ್ಟು ಮಾಡಿಡಿ.

ಅಮೆರಿಕ ಆದರೆ ಎರಡು ದಾರಿ. ಚಿಕಿತ್ಸೆ ಮತ್ತು ತಿಂಗಳ ಪರಿಹಾರಕ್ಕೆ ಮಾಜಿ ಸೈನಿಕರ ಇಲಾಖೆ. ಒಂದೇ ಗಂಟಿನ ಹಣಕ್ಕೆ ನ್ಯಾಯ ಇಲಾಖೆಯ ರೀಕಾ ಯೋಜನೆ. ಅದು 2024ರಲ್ಲಿ ಅವಧಿ ಮುಗಿದು ನಿಂತುಹೋಗಿತ್ತು, 2025ರ ಜುಲೈನಲ್ಲಿ ಮತ್ತೆ ಶುರುವಾಗಿದೆ. ಪರೀಕ್ಷಾ ಸ್ಥಳದಲ್ಲಿದ್ದವರಿಗೆ ಮೊದಲು 75,000 ಡಾಲರ್ ಇದ್ದದ್ದು ಈಗ 1,00,000. ಎರಡೂ ಕಡೆಯಿಂದ ಹಣ ಬಂದರೆ ಕಡಿತ ಇದೆ, ಸಹಿ ಹಾಕುವ ಮುಂಚೆ ವಿಚಾರಿಸಿ. ತೀರಿಕೊಂಡಿದ್ದರೆ ಹೆಂಡತಿ, ಮಕ್ಕಳು ಅರ್ಜಿ ಹಾಕಬಹುದು. ಕೊನೇ ದಿನ 2027ರ ಡಿಸೆಂಬರ್ 31.